ಗಣಕದ ಬಾಗಿಲಲ್ಲಿ ಅಧಿಕಾರದ ಪರೀಕ್ಷೆ

ಉಗ್ರಾಣಕ್ಕೆ ಬಂದವನ ಹೆಸರನ್ನಷ್ಟೇ ಕೇಳಿ ಒಳಬಿಡುವ ಕಾವಲುಗಾರನನ್ನು ಯಾರೂ ಮೆಚ್ಚಲಾರರು. ಉತ್ತರವೇ ಬಾರದಿದ್ದಾಗಲೂ ಬಾಗಿಲು ತೆರೆಯುವವನಂತೂ ಕಾವಲುಗಾರನೇ ಅಲ್ಲ. ಗಣಕಯಂತ್ರದಲ್ಲಿ ಈ ಎರಡು ತಪ್ಪುಗಳೂ ಸುಲಭವಾಗಿ ನುಸುಳುತ್ತವೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ಕಾರ್ಯವ್ಯವಸ್ಥೆಗೆ ತಳಹದಿ ಹಾಕಿದರು. ಅದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆಯುಂಟು. 0 ಸಂಖ್ಯೆಯುಳ್ಳವನೇ ಸರ್ವಾಧಿಕಾರಿ. ಅವನ ವಾಡಿಕೆಯ ಹೆಸರು ‘ರೂಟ್’. ಅಧಿಕಾರವಿರುವುದು ಸಂಖ್ಯೆಯಲ್ಲಿಯೇ ಹೊರತು ಹೆಸರಿನಲ್ಲಲ್ಲ. ಫ್ರೀಬಿಎಸ್‌ಡಿ ವ್ಯವಸ್ಥೆಯಲ್ಲಿ ‘ಟೂರ್’ ಎಂಬ ಇನ್ನೊಂದು ಹೆಸರಿಗೂ ಅದೇ 0 ಸಲ್ಲುತ್ತದೆ. ಆದುದರಿಂದ ಹೆಸರನ್ನು ನೋಡಿ ನಿರ್ಣಯಿಸುವುದು ಯುಕ್ತವಲ್ಲ.

ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಶೆಲ್ ಸ್ಕ್ರಿಪ್ಟ್. ಕಡತಗಳನ್ನು ಅಳಿಸುವ, ವ್ಯವಸ್ಥೆಯನ್ನು ಬದಲಿಸುವ ಸ್ಕ್ರಿಪ್ಟುಗಳು ಮೊದಲು ಬಳಕೆದಾರನ ಸಂಖ್ಯೆಯನ್ನು ವಿಚಾರಿಸುತ್ತವೆ. ‘ಐಡಿ’ ಆಜ್ಞೆಯ ಜೊತೆ ‘ಯು’ ಸೂಚನೆಯನ್ನು ಕೊಟ್ಟರೆ ಸಂಖ್ಯೆ ದೊರೆಯುತ್ತದೆ. ಪಾಸಿಕ್ಸ್ ಮಾನಕವೂ ಇದನ್ನೇ ವಿಧಿಸಿದೆ. ಆದರೆ ಸೊಲಾರಿಸ್ 10ರಲ್ಲಿ ಸಾಮಾನ್ಯವಾಗಿ ಮೊದಲು ಸಿಗುತ್ತಿದ್ದ ‘ಐಡಿ’ಗೆ ಆ ಸೂಚನೆ ತಿಳಿಯದು, ತಿಳಿದ ‘ಐಡಿ’ ಬೇರೊಂದು ಕೋಶದಲ್ಲಿತ್ತು. ಬ್ಯಾಶ್ ಶೆಲ್ಲಿನಲ್ಲಿರುವ ‘ಇಯುಐಡಿ’ ಎಂಬ ಚರವೂ ಹಳೆಯ ಬೋರ್ನ್ ಶೆಲ್ಲಿನಲ್ಲಿಲ್ಲ. ಇಂತಹ ಕಡೆ ಪ್ರಶ್ನೆಗೆ ದೊರೆಯುವ ಉತ್ತರ ಬರಿಯ ಶೂನ್ಯಸ್ಥಳ.

ಅಪಾಯವಿರುವುದು ಇಲ್ಲಿಯೇ. ‘ಸಂಖ್ಯೆ 0 ಅಲ್ಲದಿದ್ದರೆ ನಿಲ್ಲು’ ಎಂದು ಬರೆದಿದ್ದಲ್ಲಿ, ಹಲವು ಶೆಲ್ಲುಗಳು ಖಾಲಿ ಉತ್ತರವನ್ನು ಹೋಲಿಸಲಾರದೆ ದೋಷವನ್ನು ವರದಿ ಮಾಡಿ, ಷರತ್ತು ಸುಳ್ಳೆಂದು ಎಣಿಸಿ ಮುಂದುವರಿಯುತ್ತವೆ. ನಿಲ್ಲಿಸಬೇಕಾದ ಪರೀಕ್ಷೆಯೇ ದಾರಿ ಬಿಟ್ಟಂತಾಗುತ್ತದೆ.

ಪರಿಹಾರ ಸರಳವಾದುದು. ಯಾವ ಸೂಚನೆಯೂ ಇಲ್ಲದ ‘ಐಡಿ’ ಆಜ್ಞೆಯನ್ನು ಈ ವ್ಯವಸ್ಥೆಗಳೆಲ್ಲವೂ ಬಲ್ಲವು; ಅದರ ಉತ್ತರ ‘ಯುಐಡಿ=0’ ಎಂಬ ರೀತಿಯಲ್ಲಿ ಆರಂಭವಾಗುತ್ತದೆ. ಸಮಚಿಹ್ನೆಯ ಮುಂದಿನ ಅಂಕಿಗಳನ್ನು ‘ಸೆಡ್’ ಸಾಧನದಿಂದ ಬೇರ್ಪಡಿಸಿಕೊಳ್ಳಬೇಕು. ಬಳಿಕ ಅದನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಗಣಿತದ ಸಂಖ್ಯೆಯಾಗಿ ಅಲ್ಲದೆ ಅಕ್ಷರವಾಗಿ 0 ಜೊತೆ ಹೋಲಿಸಬೇಕು. ‘0 ಆಗಿದ್ದರೆ ಮಾತ್ರ ನಡೆ, ಇಲ್ಲವಾದರೆ ನಿಲ್ಲು’ ಎಂಬುದೇ ನಿಯಮದ ರೂಪವಾಗಿರಲಿ. ಆಗ ಉತ್ತರ ಖಾಲಿಯಾದರೂ ಸ್ಕ್ರಿಪ್ಟು ನಿಲ್ಲುತ್ತದೆ.

ಅರ್ಹನನ್ನು ಒಮ್ಮೆ ತಡೆದರೆ ಆಗುವ ನಷ್ಟ ಕ್ಷಣಕಾಲದ್ದು. ಅನರ್ಹ ಸ್ಥಿತಿಯಲ್ಲಿ ಅರ್ಧಕ್ಕೆ ನಡೆದ ಕೆಲಸವನ್ನು ಸರಿಪಡಿಸುವುದು ದೀರ್ಘಕಾಲದ ಶ್ರಮ. ಸಂದೇಹವಿದ್ದಲ್ಲಿ ಬಾಗಿಲು ಮುಚ್ಚಿರುವುದೇ ಕಾವಲಿನ ಧರ್ಮ.