ಜಾಲತಾಣದ ಹಳೆಯ ಥೀಮು ಮತ್ತು ಹೊಸ ಸರ್ವರು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕನ ಕಿರುಶಾಸನಗಳಿರುವುದು ವಾಚಕರಿಗೆ ತಿಳಿದ ಸಂಗತಿ. 1892ರಲ್ಲಿ ಬಿ. ಎಲ್. ರೈಸರು ಇವುಗಳನ್ನು ಬೆಳಕಿಗೆ ತಂದರು. ಬಂಡೆಯ ಮೇಲಿನ ಬರಹವು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ತನ್ನ ಸ್ಥಾನದಲ್ಲಿಯೇ ಇದ್ದಿತು. ಅದನ್ನು ಓದುವ ವಿದ್ಯೆ ಮಾತ್ರ ನಡುವೆ ಲೋಪವಾಗಿ, 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ಪನ ಪರಿಶ್ರಮದಿಂದ ಮರಳಿ ದೊರಕಿದ್ದಿತು. ಬರಹ ಕೆಡದಿದ್ದರೂ ಓದುವ ಸಾಧನ ಇಲ್ಲವಾಗಬಹುದು ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಪ್ರಸ್ತುತ ವಿಷಯವು ಸುಲಭವಾಗಿ ಮನದಟ್ಟಾಗುತ್ತದೆ.

ಚಳ್ಳಕೆರೆಯಲ್ಲಿಯೋ ಮೊಳಕಾಲ್ಮೂರಿನಲ್ಲಿಯೋ ಇರುವ ಒಂದು ಕಾಲೇಜು ಹದಿನೈದು ವರ್ಷಗಳ ಹಿಂದೆ ವರ್ಡ್‌ಪ್ರೆಸ್ಸಿನಲ್ಲಿ ಒಂದು ಜಾಲತಾಣವನ್ನು ಮಾಡಿಕೊಂಡಿತೆಂದು ಊಹಿಸೋಣ. ಅದರಲ್ಲಿ ಮೇಲ್ಕಂಡ ಶಾಸನಗಳ ಛಾಯಾಚಿತ್ರಗಳಿವೆ; ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಾಡುಗಳ ಸಂಗ್ರಹವಿದೆ; ಮೊಳಕಾಲ್ಮೂರಿನ ರೇಷ್ಮೆ ನೇಯ್ಗೆಯ ವಿವರಣೆಯಿದೆ. ಅದನ್ನು ರಚಿಸಿದ ಅಧ್ಯಾಪಕರು ನಿವೃತ್ತರಾಗಿದ್ದಾರೆ. ಅಂದಿನಿಂದ ಒಂದಕ್ಷರವನ್ನೂ ಯಾರೂ ತಿದ್ದಿಲ್ಲ. ಆದರೂ ಒಂದು ದಿನ ತೆರೆದು ನೋಡಿದರೆ ಬಿಳಿಯ ಪುಟ! ಮುಟ್ಟದ ವಸ್ತು ಕೆಟ್ಟುದು ಹೇಗೆ?

ಜಾಲತಾಣದ ಪುಟವು ಗ್ರಂಥದ ಪುಟದಂತೆ ಒಮ್ಮೆ ಮುದ್ರಣವಾಗಿ ಉಳಿದದ್ದಲ್ಲ. ಓದುಗನು ಕೇಳಿದಾಗಲೆಲ್ಲ ಅದು ಹೊಸದಾಗಿ ಸಿದ್ಧವಾಗುತ್ತದೆ. ಬರಹವು ದತ್ತಸಂಚಯದಲ್ಲಿರುತ್ತದೆ, ಅದನ್ನು ಯಾವ ಅಂದದಲ್ಲಿ ತೋರಿಸಬೇಕೆಂಬ ಕಟ್ಟಳೆಗಳ ಸಮೂಹವೇ ಥೀಮು, ಆ ಕಟ್ಟಳೆಗಳನ್ನು ಓದಿ ನಡೆಸುವುದು ಸರ್ವರಿನಲ್ಲಿರುವ ಪಿಎಚ್‌ಪಿ ಎಂಬ ಭಾಷೆಯ ತಂತ್ರಾಂಶ. ಜಕಾರ್ಡ್ ಮಗ್ಗದಲ್ಲಿ ರಂಧ್ರಗಳ ರಟ್ಟು ಚಿತ್ತಾರವನ್ನು ಹೇಳುತ್ತದೆ, ಯಂತ್ರ ಅದರಂತೆ ಎಳೆಗಳನ್ನು ಎತ್ತುತ್ತದೆ. ರಟ್ಟು ಹಳೆಯದಾಗಿಯೇ ಉಳಿದು ಯಂತ್ರ ಬದಲಾದರೆ ಚಿತ್ತಾರ ಮೂಡುವುದೆಂಬ ಭರವಸೆಯಿಲ್ಲ. ಸರ್ವರನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳು ಪಿಎಚ್‌ಪಿಯನ್ನು ಬದಲಾಯಿಸದೆ ಇರುವಂತೆಯೂ ಇಲ್ಲ. 5.6ನೆಯ ಆವೃತ್ತಿಗೆ ರಕ್ಷಣೆಯ ತಿದ್ದುಪಡಿಗಳು 2018ರ ಕೊನೆಗೆ ನಿಂತುಹೋದುವು, 7.4ಕ್ಕೆ 2022ರ ನವೆಂಬರಿನಲ್ಲಿ. ಅನಂತರ ಕಂಡುಬಂದ ದೋಷಗಳಿಗೆ ಮೂಲದವರಿಂದ ಪರಿಹಾರವಿಲ್ಲವಾದ್ದರಿಂದ, ಹಳೆಯದನ್ನೇ ಇಟ್ಟುಕೊಳ್ಳುವುದೆಂದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ.

ಹೊಸ ಆವೃತ್ತಿಗಳಿಂದ ಬರುವ ತೊಂದರೆ ಎರಡು ಬಗೆಯದು. ಒಂದು, ಗದ್ದಲ ಮಾಡುವಂಥದು. 2015ರ ಡಿಸೆಂಬರಿನಲ್ಲಿ ಬಂದ 7.0 ಆವೃತ್ತಿಯು ದತ್ತಸಂಚಯದೊಡನೆ ಮಾತನಾಡುತ್ತಿದ್ದ ಹಳೆಯ ಮೈಎಸ್‌ಕ್ಯುಎಲ್ ಕಾರ್ಯಗಳನ್ನು ತೆಗೆದುಹಾಕಿತು. 2020ರ ನವೆಂಬರಿನ 8.0 ಆವೃತ್ತಿಯು ‘ಕ್ರಿಯೇಟ್ ಫಂಕ್ಷನ್’, ‘ಈಚ್’ ಮುಂತಾದುವನ್ನು ಕೈಬಿಟ್ಟಿತು. ಇವುಗಳಲ್ಲಿ ಮೊದಲನೆಯದು ಆ ಕಾಲದ ಥೀಮುಗಳಲ್ಲಿ ಬಹು ಸಾಮಾನ್ಯವಾಗಿದ್ದಿತು. ಇಲ್ಲದ ಕಾರ್ಯವನ್ನು ಕರೆದೊಡನೆ ಯಂತ್ರ ನಿಂತುಬಿಡುತ್ತದೆ. ಬಿಳಿಯ ಪುಟ ಕಂಡವರು ಗಾಬರಿಯಾಗುತ್ತಾರೆ. ವಾಸ್ತವವಾಗಿ ಇದು ಅತ್ಯಂತ ಸುಲಭವಾದ ರೋಗ. ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ತಪ್ಪಾಯಿತೆಂಬುದನ್ನು ಸರ್ವರಿನ ದೋಷಪಟ್ಟಿಯೇ ಹೇಳುತ್ತದೆ. ಆ ಸಾಲನ್ನು ತಿದ್ದಿದರೆ ಮುಂದಿನ ತಪ್ಪು ಕಾಣುತ್ತದೆ.

ಎರಡನೆಯದು ಮೌನವಾದ ಕೇಡು. ಕನ್ನಡದ ಜಾಲತಾಣಗಳಿಗೆ ಇದರ ಬಾಧೆ ಹೆಚ್ಚೆಂದು ನನ್ನ ಅಭಿಪ್ರಾಯ. ‘ಚಳ್ಳಕೆರೆ’ ಎಂಬ ಶಬ್ದವನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಇದರಲ್ಲಿ 4 ಅಕ್ಷರಗಳು. ಯೂನಿಕೋಡ್ ಪ್ರಕಾರ, ಒತ್ತನ್ನು ಉಂಟುಮಾಡುವ ವಿರಾಮಚಿಹ್ನೆಯೂ ಎರಡು ಎತ್ವಗಳೂ ಬೇರೆಬೇರೆಯಾಗಿ ಎಣಿಕೆಗೆ ಬಂದು, 8 ಸಂಕೇತಗಳು. ಯುಟಿಎಫ್-8 ಎಂಬ ರೂಢಿಯ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟುಗಳನ್ನು ಬೇಡುವುದರಿಂದ ಒಟ್ಟು 24 ಬೈಟುಗಳು. ‘ಮೊಳಕಾಲ್ಮೂರು’ ಎಂಬಲ್ಲಿ ಅಕ್ಷರ 5, ಸಂಕೇತ 11, ಬೈಟು 33. ಇಂಗ್ಲಿಷಿನಲ್ಲಿಯಾದರೋ ಈ ಮೂರು ಎಣಿಕೆಗಳೂ ಒಂದೇ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಥೀಮು ಬರೆದವನು, ಮೊದಲ ಪುಟದಲ್ಲಿ ಲೇಖನದ ಸಾರವನ್ನು ತೋರಿಸಲು ‘ಮೊದಲ 200 ಬೈಟುಗಳನ್ನು ಕತ್ತರಿಸು’ ಎಂದು ಬರೆದಿರುತ್ತಾನೆ. ಕತ್ತರಿಯು ಕನ್ನಡ ಸಂಕೇತದ ನಡುವೆಯೇ ಬೀಳಬಹುದು.

ಹೀಗೆ ತುಂಡಾದ ಬರಹವನ್ನು ತೆರೆಯ ಮೇಲೆ ತೋರಿಸುವ ಮೊದಲು ‘ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್’ ಎಂಬ ಕಾರ್ಯದ ಮೂಲಕ ಶುದ್ಧಿಮಾಡುವುದು ವಾಡಿಕೆ. ಬೇರೆ ಸೂಚನೆ ಕೊಡದಿದ್ದರೆ 5.3ರ ತನಕ ಆ ಕಾರ್ಯವು ಬರಹವನ್ನು ಯೂರೋಪಿನ ಲಿಪಿಯೆಂದೇ ಭಾವಿಸುತ್ತಿತ್ತು. ಆದಕಾರಣ ಮುರಿದ ಬೈಟು ಹಾಗೆಯೇ ಹೊರಬಂದು ಕೊನೆಯಲ್ಲಿ ಒಂದು ವಿಕಾರ ಚಿಹ್ನೆ ಕಾಣುತ್ತಿತ್ತು, ಅಷ್ಟೆ. 2012ರ 5.4 ಆವೃತ್ತಿಯಿಂದ ಅದು ಬರಹವನ್ನು ಯುಟಿಎಫ್-8 ಎಂದು ಎಣಿಸತೊಡಗಿತು; ಒಂದು ಬೈಟು ಮುರಿದಿದ್ದರೂ ಇಡಿಯ ಬರಹಕ್ಕೆ ಬದಲಾಗಿ ಶೂನ್ಯವನ್ನು ಹಿಂದಿರುಗಿಸಿತು. 2021ರ 8.1ರಲ್ಲಿ ಮತ್ತೆ ನಿಯಮ ಬದಲಾಗಿ, ಮುರಿದ ಸ್ಥಳದಲ್ಲಿ ಬದಲಿ ಚಿಹ್ನೆಯೊಂದನ್ನಿಟ್ಟು ಉಳಿದುದನ್ನು ತೋರಿಸುತ್ತದೆ. ಥೀಮಿನ ಸಾಲು ಒಂದೇ. ಫಲ ಮೂರು ಬಗೆ. ಪದಗಳ ನಡುವಣ ತೆರಪು ಒಂದೇ ಬೈಟಾದುದರಿಂದ ಕತ್ತರಿಯು ಸಂಧಿಯಲ್ಲಿಯೇ ಬೀಳುವುದು ಸರಾಸರಿ ಮೂರರಲ್ಲೊಂದು ಸಲ. ಹೀಗಾಗಿ ಕೆಲವು ಲೇಖನಗಳ ಸಾರ ಸರಿಯಾಗಿ ಕಂಡು ಉಳಿದವುಗಳದು ಮಾಯವಾಗುತ್ತದೆ. ದೋಷಪಟ್ಟಿಯಲ್ಲಿ ಒಂದು ಮಾತೂ ದಾಖಲಾಗುವುದಿಲ್ಲ. ಲೇಖನವನ್ನು ಸೇರಿಸಿದವನದೇ ತಪ್ಪೆಂದು ಜನ ತಿಳಿಯುವುದು ಸಹಜ.

ಬೈಟುಗಳಿಗೆ ಬದಲಾಗಿ ಸಂಕೇತಗಳನ್ನು ಎಣಿಸುವ ಕಾರ್ಯವನ್ನು ಬಳಸಿದರೆ ಮುರಿಯುವುದು ತಪ್ಪುತ್ತದೆ; ಆದರೆ 3 ಸಂಕೇತಗಳಿಗೆ ಕತ್ತರಿಸಿದ ಚಳ್ಳಕೆರೆಯು ‘ಚಳ್’ ಎಂದು ಉಳಿಯುತ್ತದೆ. ತೆರಪು ಇರುವಲ್ಲಿ ಕತ್ತರಿಸಿ, ಇಷ್ಟು ಪದಗಳೆಂದು ಎಣಿಸುವುದೇ ಕನ್ನಡಕ್ಕೆ ಒಪ್ಪುವ ಮಾರ್ಗ.

ದತ್ತಸಂಚಯದ ಕಡೆಯಿಂದಲೂ ಇಂಥದೇ ಒಂದು ಮೋಸವುಂಟು. ಮೈಎಸ್‌ಕ್ಯುಎಲ್ 5.7ರ ವರೆಗೆ ಬೇರೆ ಸೂಚನೆ ಇಲ್ಲದ ಕೋಷ್ಟಕಗಳು ಲ್ಯಾಟಿನ್-1 ಎಂಬ ಸಂಕೇತಕ್ರಮದಲ್ಲಿರುತ್ತಿದ್ದುವು. ಕನ್ನಡದ ಬೈಟುಗಳನ್ನು ಅದರಲ್ಲಿ ತುಂಬಿ ಅದೇ ದಾರಿಯಲ್ಲಿ ಹಿಂದಕ್ಕೆ ಪಡೆಯುತ್ತಿದ್ದಾಗ ಎರಡು ತಪ್ಪುಗಳು ಸೇರಿ ಸರಿಯಾಗಿ ಕಾಣುತ್ತಿತ್ತು. 2018ರ 8.0 ಆವೃತ್ತಿಯಲ್ಲಿ ಯುಟಿಎಫ್-8ರ ಪೂರ್ಣರೂಪವೇ ಮೂಲಕ್ರಮವಾಯಿತು. ಒಂದು ತಪ್ಪು ಮಾತ್ರ ಸರಿಹೋದಾಗ ಕನ್ನಡದ ಒಂದೊಂದು ಸಂಕೇತವೂ ಮೂರು ಮೂರು ವಿಚಿತ್ರ ಚಿಹ್ನೆಗಳಾಗಿ ಒಡೆಯುತ್ತದೆ. ಬರಹ ನಾಶವಾಗಿಲ್ಲ, ಆದರೆ ಆ ಸ್ಥಿತಿಯಲ್ಲಿ ಯಾರಾದರೂ ‘ಉಳಿಸು’ ಗುಂಡಿಯನ್ನು ಒತ್ತಿದರೆ ಕೇಡು ದತ್ತಸಂಚಯಕ್ಕೂ ಇಳಿಯುತ್ತದೆ.

ಇಷ್ಟು ತೊಂದರೆಯೇಕೆ, ಹಳೆಯ ಥೀಮನ್ನು ಎಸೆದು ಹೊಸದನ್ನು ಹಾಕಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಥೀಮು ಬರಿಯ ಉಡುಗೆಯಾಗಿದ್ದರೆ ಹಾಗೆ ಮಾಡಬಹುದು. ಎಷ್ಟೋ ಕಡೆ ಒಡವೆಯನ್ನೂ ಉಡುಗೆಯ ಮಡಿಲಿನಲ್ಲಿಯೇ ಕಟ್ಟಿಟ್ಟಿರುತ್ತಾರೆ. ನಮ್ಮ ಕಾಲೇಜಿನ ಅಧ್ಯಾಪಕರು ‘ಶಾಸನ’ ಎಂಬ ಪ್ರತ್ಯೇಕ ಬರಹವರ್ಗವನ್ನು ಥೀಮಿನ ಕಡತದಲ್ಲಿಯೇ ಘೋಷಿಸಿದ್ದರೆ, ಥೀಮು ಹೋದೊಡನೆ ಶಾಸನಗಳ ಪುಟಗಳೂ ಪಟ್ಟಿಯಿಂದ ಕಾಣೆಯಾಗುತ್ತವೆ. ಅವು ದತ್ತಸಂಚಯದಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ಗುರುತಿಸುವವರು ಇರುವುದಿಲ್ಲ.

ಯೂನಿಕೋಡಿಗೆ ಹಿಂದಿನ ಅಕ್ಷರಶೈಲಿಗಳ ವಿಷಯ ಇನ್ನೂ ಸೂಕ್ಷ್ಮ. ಬ್ರಹ್ಮಗಿರಿಯ ಲಿಪಿಕಾರ ಚಪಡನು ಬ್ರಾಹ್ಮಿಯಲ್ಲಿ ಬರೆಯುತ್ತ ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದನಷ್ಟೆ. ಅಲ್ಲಿ ಲಿಪಿ ಬದಲಾದುದು ನೋಡಿದವರಿಗೆ ಗೊತ್ತಾಗುತ್ತದೆ. ಹಳೆಯ ಕನ್ನಡ ಪುಟಗಳಲ್ಲಿಯಾದರೋ ಕಡತದೊಳಗೆ ಇರುವುದು ಇಂಗ್ಲಿಷಿನ ಸಂಕೇತಗಳು. ಥೀಮಿನೊಡನೆ ಬಂದ ಅಕ್ಷರಶೈಲಿಯು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಆ ಶೈಲಿಯು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಓದುತ್ತಿದ್ದ ರೂಪದಲ್ಲಿದ್ದರೆ, 2022ರ ಜೂನಿನಲ್ಲಿ ಅದು ನಿವೃತ್ತವಾದ ಮೇಲೆ ಥೀಮನ್ನು ಉಳಿಸಿಯೂ ಪ್ರಯೋಜನವಿಲ್ಲ. ಇಲ್ಲಿ ದುರಸ್ತಿಯಾಗಬೇಕಾದುದು ಬರಹವೇ. ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮನುಷ್ಯರೇ ಓದಿ ನೋಡಬೇಕು.

ಕೆಲಸದ ಕ್ರಮ ಹೀಗೆ: ಕಡತಗಳದೂ ದತ್ತಸಂಚಯದ್ದೂ ನಕಲನ್ನು ತೆಗೆದು ಬೇರೊಂದು ಗಣಕದಲ್ಲಿ ನಿಲ್ಲಿಸಬೇಕು, ನಡೆಯುತ್ತಿರುವ ತಾಣವನ್ನು ಮುಟ್ಟಬಾರದು. ನಕಲಿನಲ್ಲಿ ಪಿಎಚ್‌ಪಿಯನ್ನು 5.6ರಿಂದ 7.4ಕ್ಕೂ ಅಲ್ಲಿಂದ 8ಕ್ಕೂ ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲಿಯೂ ದೋಷಪಟ್ಟಿಯನ್ನು ಓದಬೇಕು. ‘ಶಾಸನ’ದಂಥ ವರ್ಗಗಳ ಘೋಷಣೆಯನ್ನು ಅದೇ ಹೆಸರಿನಿಂದ ಒಂದು ಪುಟ್ಟ ಪ್ಲಗಿನ್ನಿಗೆ ವರ್ಗಾಯಿಸಬೇಕು, ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಹಳೆಯ ಪುಟಗಳು ಕಾಣುವುದಿಲ್ಲ. ಇದಾದ ಮೇಲೆ ಮೊದಲ ಪುಟ, ಹುಡುಕುವ ಪುಟ, ಬಹು ಹಿಂದಿನ ಒಂದು ಲೇಖನ, ಇವನ್ನು ಹಳೆಯ ಮತ್ತು ಹೊಸ ಯಂತ್ರಗಳಲ್ಲಿ ಪಕ್ಕಪಕ್ಕದಲ್ಲಿಟ್ಟು ಓದಿ ನೋಡಬೇಕು. ಹುಡುಕುವ ಪುಟದಲ್ಲಿ ‘ಮೊಳಕಾಲ್ಮೂರು’ ಎಂದು ಬರೆದು ನೋಡುವುದು ಒಳ್ಳೆಯ ಪರೀಕ್ಷೆ. ಓತ್ವ, ಒತ್ತಕ್ಷರ, ದೀರ್ಘ ಮೂರೂ ಆ ಒಂದೇ ಹೆಸರಿನಲ್ಲಿವೆ.