ಮನಶ್ಶಾಸ್ತ್ರಕ್ಕೊಂದು ಪಠ್ಯಪುಸ್ತಕ

ನಮ್ಮ ನಾಡಿಗೆ ಮನಶ್ಶಾಸ್ತ್ರದ ಅಧ್ಯಾಪನ ಹೊಸದೇನಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗವನ್ನು ಆರಂಭಿಸಿದರು. ಆದರೂ ನೀಲಗುಂದದಂತಹ ಹಳ್ಳಿಯಿಂದ ಬಂದು ಕನ್ನಡದಲ್ಲಿ ಓದುವ ವಿದ್ಯಾರ್ಥಿಗೆ ‘ಯಾವ ಪುಸ್ತಕ ಕೊಳ್ಳಲಿ?’ ಎಂಬುದು ಇಂದಿಗೂ ಬಿಡಿಸಲಾಗದ ಗಂಟು. ಒಂದು ಕಡೆ ಇಂಗ್ಲಿಷಿನ ದಪ್ಪ ಗ್ರಂಥ; ಇನ್ನೊಂದು ಕಡೆ ಪರೀಕ್ಷೆಯ ಮುನ್ನಾದಿನ ಕೈಹಿಡಿಯುವ ತೆಳ್ಳನೆಯ ಗೈಡು. ಕೊಳ್ಳುವ ಮುನ್ನ ನಾವೇ ಮಾಡಬಹುದಾದ ಮೂರು ಪರೀಕ್ಷೆಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು ಸತ್ಯನಿಷ್ಠೆ. ಆಲ್ಬರ್ಟ್ ಎಂಬ ಕೂಸಿಗೆ ಬಿಳಿ ಇಲಿಯನ್ನು ತೋರಿಸುತ್ತ, ಹಿಂದಿನಿಂದ ಉಕ್ಕಿನ ಸರಳನ್ನು ಬಡಿದು, ಇಲಿಯ ಭಯ ಹುಟ್ಟಿಸಿದ ಪ್ರಯೋಗವನ್ನು ವಾಟ್ಸನ್ ಮತ್ತು ರೇನರ್ 1920ರಲ್ಲಿ ಪ್ರಕಟಿಸಿದರು. ಆ ಭಯವನ್ನು ಕೊನೆಗೆ ನಿವಾರಿಸಲಾಯಿತೆಂದು ಕೆಲವು ಪಠ್ಯಪುಸ್ತಕಗಳು ಬರೆದವು. ವಾಸ್ತವವಾಗಿ ನಿವಾರಣೆಗೆ ಮುನ್ನವೇ ಕೂಸು ಅಲ್ಲಿಂದ ಹೊರಟುಹೋಗಿತ್ತು. ಪಠ್ಯಪುಸ್ತಕಗಳ ಇಂತಹ ತಪ್ಪುಗಳನ್ನು ಬೆನ್ ಹ್ಯಾರಿಸ್ 1979ರಲ್ಲಿ ಎತ್ತಿ ತೋರಿಸಿದರು. ಆದುದರಿಂದ ಮೊದಲು ಈ ಪುಟವನ್ನು ತೆರೆದು ನೋಡಿರಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು.

ಎರಡನೆಯದು ವಿನಯ. ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಹಲವು ವಿದ್ವಾಂಸರು ಸೇರಿ ಮತ್ತೊಮ್ಮೆ ನಡೆಸಿ 2015ರಲ್ಲಿ ವರದಿ ಮಾಡಿದಾಗ, ಗಣನೀಯ ಫಲಿತಾಂಶ ದೊರೆತುದು ಶೇಕಡ 36ರಲ್ಲಿ ಮಾತ್ರ. ಆರು ಅಮೆರಿಕನ್ ಪತ್ರಿಕೆಗಳನ್ನು ಆರ್ನೆಟ್ 2008ರಲ್ಲಿ ಪರಿಶೀಲಿಸಿದಾಗ, ಅಧ್ಯಯನಕ್ಕೊಳಗಾದವರಲ್ಲಿ ಶೇಕಡ 68ರಷ್ಟು ಜನ ಅಮೆರಿಕದವರೇ ಆಗಿದ್ದರು. ಹೀಗಿರುವಾಗ ‘ಮನುಷ್ಯರೆಲ್ಲರ ಸ್ವಭಾವವೇ ಇದು’ ಎಂದು ಸಾರುವ ಪುಸ್ತಕಕ್ಕಿಂತ, ಯಾರನ್ನು, ಎಷ್ಟು ಜನರನ್ನು ನೋಡಿ ಹೇಳಿದ ಮಾತೆಂದು ತಿಳಿಸುವ ಪುಸ್ತಕವೇ ಮೇಲು.

ಮೂರನೆಯದು ಭಾಷೆ. ಒಬ್ಬರು ‘ಗ್ರಹಿಕೆ’ ಎಂದುದನ್ನೇ ಇನ್ನೊಬ್ಬರು ‘ಪ್ರತ್ಯಕ್ಷಾನುಭವ’ ಎನ್ನುತ್ತಾರೆ. ಓದುವವನು ಎರಡು ಬೇರೆ ವಿಷಯಗಳೆಂದು ಭ್ರಮಿಸುತ್ತಾನೆ. ಮೊದಲಿನಿಂದ ಕೊನೆಯವರೆಗೆ ಒಂದೇ ಪದವನ್ನು ಬಳಸಿ, ಕೊನೆಯಲ್ಲಿ ಇಂಗ್ಲಿಷ್ ಮೂಲಪದದೊಡನೆ ಪಟ್ಟಿ ಕೊಟ್ಟಿರುವ ಪುಸ್ತಕವನ್ನು ಆರಿಸಬೇಕು. ಆಗ ದಪ್ಪ ಗ್ರಂಥದ ಬಾಗಿಲೂ ತೆರೆಯುತ್ತದೆ.

ಇಷ್ಟೆಲ್ಲ ಏಕೆಂದು ಕೇಳಬಹುದು. ಮನಶ್ಶಾಸ್ತ್ರ ಓದುವವನೆಂದು ತಿಳಿದೊಡನೆ ಊರಿನವರು ಮಗುವಿನ ಭಯವನ್ನೋ ಅಜ್ಜಿಯ ಮರೆವನ್ನೋ ಕುರಿತು ನಮ್ಮನ್ನೇ ಕೇಳುತ್ತಾರೆ. ಆಗ ನಾವು ಹೇಳುವುದು ಓದಿದ ಪುಸ್ತಕದ ಮಾತನ್ನೇ. ಅದರ ತಪ್ಪು ಅಂಕಪಟ್ಟಿಯಲ್ಲಿ ನಿಲ್ಲದೆ ಒಂದು ಮನೆಯೊಳಕ್ಕೆ ಕಾಲಿಡುತ್ತದೆ. ಗುರುಗಳು ಪುಸ್ತಕವನ್ನು ಗೊತ್ತುಮಾಡುವಾಗ ಈ ಮಾತನ್ನು ನೆನೆಯಬೇಕೆಂದು ವಿನಂತಿಸಿ, ಮಿತ್ರರಲ್ಲಿ ಇಷ್ಟೇ ಹೇಳುತ್ತೇನೆ: ಗೈಡು ಕೊಳ್ಳುವ ಮುನ್ನ ಒಂದು ಗಳಿಗೆ ಗ್ರಂಥಾಲಯದಲ್ಲಿ ಕುಳಿತು ಆ ಮೂರು ಪುಟಗಳನ್ನು ತೆರೆದು ನೋಡಿರಿ.