ಹಡಗಿನ ಊಟ, ಊರಿನ ಪಂಕ್ತಿ

ಮೂಗು ಬಾಯಿ ಮುಚ್ಚಿಕೊಂಡು ಮನುಷ್ಯನು ಅನೇಕ ಕೆಲಸಗಳನ್ನು ಮಾಡಬಲ್ಲ. ದುಡಿಯಬಲ್ಲ, ಪ್ರಯಾಣ ಮಾಡಬಲ್ಲ, ತಕ್ಕಮಟ್ಟಿಗೆ ಮಾತನ್ನೂ ಆಡಬಲ್ಲ. ಆದರೆ ಉಣ್ಣಲಾರ. ಉಸಿರಿನ ಮೂಲಕ ಹರಡುವ ರೋಗವೊಂದು ಲೋಕದ ಮೇಲೆ ಎರಗಿದಾಗ ಮೊತ್ತಮೊದಲು ಇಕ್ಕಟ್ಟಿಗೆ ಸಿಲುಕುವುದು ನಮ್ಮ ಊಟದ ಪಂಕ್ತಿಯೇ. ಈ ಮಾತನ್ನು ವಿವರಿಸುವುದಕ್ಕೆ ನಾನು ಹಡಗಿನ ಊಟವನ್ನು ಆರಿಸಿಕೊಂಡಿದ್ದೇನೆ.

ಹಿರಿಯಡ್ಕದಂಥ ಒಳನಾಡಿನ ಊರಿನವನಿಗೆ ಹಡಗಿನ ಊಟದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣಗಳು ಎರಡು. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿಯುವ ವಿದೇಶೀ ಪ್ರವಾಸಿಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡಲೆಂದು ನಮ್ಮ ಸೀಮೆಗೆ ಬರುತ್ತಾರೆ. ಇದು ಒಂದು. ಎರಡನೆಯದು ಇನ್ನೂ ಹತ್ತಿರದ್ದು. ಆ ಬಗೆಯ ಹಡಗುಗಳಲ್ಲಿ ಅಡುಗೆ ಮಾಡುವವರಲ್ಲಿ, ತಟ್ಟೆ ಎತ್ತುವವರಲ್ಲಿ ನಮ್ಮ ಕರಾವಳಿಯ ಮನೆಗಳ ಹುಡುಗರೂ ಇದ್ದಾರೆ. ಹಡಗಿನ ಭೋಜನಶಾಲೆಯ ಕಥೆ ಅವರ ತಾಯಂದಿರಿಗೆ ದೂರದ ಕಥೆಯಲ್ಲ.

2020ನೆಯ ಇಸವಿಯ ಫೆಬ್ರವರಿ 3ರಂದು ‘ಡೈಮಂಡ್ ಪ್ರಿನ್ಸೆಸ್’ ಎಂಬ ಹಡಗು ಜಪಾನಿನ ಯೊಕೊಹಾಮ ಬಂದರನ್ನು ಮುಟ್ಟಿತು. ಅದರಲ್ಲಿದ್ದವರು 3,711 ಜನ. ಜನವರಿ 25ರಂದು ಹಾಂಗ್‌ಕಾಂಗಿನಲ್ಲಿ ಇಳಿದುಹೋಗಿದ್ದ ಪ್ರಯಾಣಿಕರೊಬ್ಬರಿಗೆ ಕೊರೋನಾ ಸೋಂಕು ಇದ್ದುದು ಅಷ್ಟರಲ್ಲಿ ತಿಳಿದುಬಂದಿತ್ತು. ಫೆಬ್ರವರಿ 5ರಿಂದ ಹದಿನಾಲ್ಕು ದಿನಗಳ ಕಾಲ ಪ್ರಯಾಣಿಕರೆಲ್ಲ ತಮ್ಮ ತಮ್ಮ ಕೋಣೆಗಳಲ್ಲಿಯೇ ಇರಬೇಕೆಂದು ಜಪಾನ್ ಸರ್ಕಾರ ವಿಧಿಸಿತು. ಅಂದಿನಿಂದ ಹಡಗಿನ ವಿಶಾಲವಾದ ಭೋಜನಶಾಲೆಗಳು ಬರಿದಾದವು. ಮೂರು ಹೊತ್ತಿನ ಊಟವೂ ಕೋಣೆಯ ಬಾಗಿಲಿಗೆ ಬರತೊಡಗಿತು.

ಆದರೆ ಆ ಊಟವನ್ನು ಬೇಯಿಸಿದವರು ಯಾರು, ಹೊತ್ತು ತಂದವರು ಯಾರು? ಹಡಗಿನಲ್ಲಿ 1,045 ಮಂದಿ ಸಿಬ್ಬಂದಿಯವರಿದ್ದರು. ಅವರಲ್ಲಿ 132 ಜನ ಭಾರತೀಯರು. ಪ್ರಯಾಣಿಕರಿಗೆ ವಿಧಿಸಿದ ಏಕಾಂತ ಅವರಿಗೆ ದೊರೆಯಲಿಲ್ಲ. ದೊರೆತಿದ್ದರೆ ಹಡಗೇ ಉಪವಾಸ ಬೀಳುತ್ತಿತ್ತು. ಅವರು ಕೆಳಗಿನ ಅಂತಸ್ತುಗಳ ಕೋಣೆಗಳನ್ನು ಹಂಚಿಕೊಂಡು ಮಲಗುತ್ತಿದ್ದರು, ತಮ್ಮ ಊಟದ ಕೋಣೆಯಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ಫೆಬ್ರವರಿ 9ರ ವೇಳೆಗೆ ಸಿಬ್ಬಂದಿಯಲ್ಲಿ ಇಪ್ಪತ್ತು ಜನರಿಗೆ ಸೋಂಕು ಖಚಿತವಾಯಿತು. ಅವರಲ್ಲಿ ಹದಿನೈದು ಮಂದಿ ಆಹಾರ ವಿಭಾಗದ ಕೆಲಸಗಾರರು. ಇಪ್ಪತ್ತರಲ್ಲಿ ಹದಿನಾರು ಮಂದಿಯ ವಾಸ ಆಹಾರ ವಿಭಾಗದವರೇ ಇದ್ದ ಮೂರನೆಯ ಅಂತಸ್ತಿನಲ್ಲಿ. ಕೊನೆಗೆ ಆ ಹಡಗಿನಲ್ಲಿ ಸೋಂಕಿಗೆ ಒಳಗಾದವರು ಒಟ್ಟು 712 ಜನ.

ಈ ಅಂಕಿಗಳನ್ನು ಕೇಳಿದವರಿಗೆ ‘ಹಾಗಾದರೆ ಅನ್ನದಲ್ಲಿಯೇ ರೋಗ ಬಂತೇ?’ ಎಂಬ ಭಯ ಮೂಡುವುದು ಸಹಜ. ಇಲ್ಲಿ ನಾವು ಒಂದು ವಿವೇಕವನ್ನು ಕಲಿಯಬೇಕು. ಪ್ರತಿಯೊಂದು ರೋಗಕ್ಕೂ ಅದರದರ ದಾರಿಯುಂಟು. ಕಾಲರಾ ನೀರಿನ ದಾರಿಯಲ್ಲಿ ಬರುತ್ತದೆ. ಲಂಡನ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ 1854ರಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಅದರ ಮೂಲವನ್ನು ಒಂದು ನೀರಿನ ಪಂಪಿನಲ್ಲಿ ಗುರುತಿಸಿದನು. ಪ್ರವಾಸಿ ಹಡಗುಗಳನ್ನು ಬಹುಕಾಲದಿಂದ ಕಾಡುತ್ತಿರುವ ನೊರೋವೈರಸ್ ಎಂಬ ವಾಂತಿಭೇದಿಯ ರೋಗಕ್ಕೆ ಕೈಯೇ ದಾರಿ. ನೂರಾರು ಜನ ಒಂದೇ ಸೌಟನ್ನು ಹಿಡಿದು ತಾವೇ ಬಡಿಸಿಕೊಳ್ಳುವ ಬಫೆ ಊಟ ಅದಕ್ಕೆ ಬಲು ಅನುಕೂಲ. ಕೊರೋನಾದ ಮುಖ್ಯ ದಾರಿಯಾದರೋ ಉಸಿರು. ಬೇಯಿಸಿದ ಅನ್ನದಿಂದ ಅದು ಹರಡುತ್ತದೆಂಬುದಕ್ಕೆ ಆಧಾರ ದೊರೆಯಲಿಲ್ಲ. ಅಪಾಯವಿದ್ದುದು ಎಲೆಯಲ್ಲಿ ಅಲ್ಲ. ಪಕ್ಕದ ಎಲೆಯವನ ಮಾತಿನಲ್ಲಿ, ನಗುವಿನಲ್ಲಿ, ಮತ್ತು ಇಬ್ಬರ ನಡುವೆ ಕದಲದೆ ನಿಂತ ಗಾಳಿಯಲ್ಲಿ.

ಇದಕ್ಕೆ ಚೀನಾದ ಗ್ವಾಂಗ್‌ಝೌ ನಗರದ ಒಂದು ಹೋಟೆಲಿನ ನಿದರ್ಶನವಿದೆ. 2020ರ ಜನವರಿ 24ರಂದು, ಅವರ ಹೊಸವರ್ಷದ ಮುನ್ನಾದಿನ, ಅಲ್ಲಿನ ಕಿಟಕಿಯಿಲ್ಲದ ಹವಾನಿಯಂತ್ರಿತ ಕೋಣೆಯಲ್ಲಿ ಮೂರು ಕುಟುಂಬಗಳು ಒಂದರ ಪಕ್ಕ ಒಂದಾಗಿದ್ದ ಮೇಜುಗಳಲ್ಲಿ ಊಟ ಮಾಡಿದವು. ಮೇಜಿನಿಂದ ಮೇಜಿಗೆ ಸುಮಾರು ಒಂದು ಮೀಟರಿನ ಅಂತರವಿತ್ತು. ಒಬ್ಬರಲ್ಲಿದ್ದ ಸೋಂಕು ಆ ಮೂರೂ ಕುಟುಂಬಗಳಿಗೆ ತಗುಲಿ ಒಟ್ಟು ಹತ್ತು ಜನ ಕಾಯಿಲೆ ಬಿದ್ದರು. ಅತ್ತಿಂದಿತ್ತ ಓಡಾಡುತ್ತಿದ್ದ ಹೋಟೆಲಿನ ಕೆಲಸಗಾರರಿಗೆ ತಗುಲಲಿಲ್ಲ. ಯಂತ್ರದ ಗಾಳಿ ಹೊರಗೆ ಹೋಗದೆ ಆ ಮೂರು ಮೇಜುಗಳ ಮೇಲೆಯೇ ಸುತ್ತುತ್ತಿತ್ತೆಂದು ಪರೀಕ್ಷಿಸಿದವರು ಕಂಡುಕೊಂಡರು. ಅಂತರವೊಂದೇ ರಕ್ಷಣೆಯಲ್ಲ, ಗಾಳಿಯ ಸಂಚಾರ ಬೇಕು, ಕುಳಿತಿರುವ ಹೊತ್ತೂ ಕಡಿಮೆಯಿರಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂಥ ದಿನಗಳಲ್ಲಿ ಮಕ್ಕಳು ಮುದುಕರೊಡನೆ ಹಡಗು ಹತ್ತಿದ ಕುಟುಂಬವೊಂದರ ಮುಂದೆ ಏನೇನು ದಾರಿಗಳಿವೆಯೆಂದು ನೋಡೋಣ. ಅತ್ಯಂತ ಕ್ಷೇಮವಾದುದು ತಮ್ಮ ಕೋಣೆಗೇ ಊಟವನ್ನು ತರಿಸಿಕೊಳ್ಳುವುದು. ಕೋಣೆಗೆ ಮೊಗಸಾಲೆಯಿದ್ದರೆ ಇನ್ನೂ ಉತ್ತಮ. ಅದರ ನಂತರದ್ದು ಮೇಲಿನ ಅಂತಸ್ತಿನ ಬಯಲಿನಲ್ಲಿ, ಸಮುದ್ರದ ಗಾಳಿಗೆ ಮೈಯೊಡ್ಡಿ ಉಣ್ಣುವುದು. ಒಳಗೇ ಉಣ್ಣಬೇಕಾದರೆ ಜನ ಸೇರುವುದಕ್ಕೆ ಮೊದಲೇ ಅಥವಾ ಕರಗಿದ ಮೇಲೆ ಹೋಗಿ, ತಮ್ಮವರಷ್ಟೇ ಒಂದು ಮೇಜಿಗೆ ಕುಳಿತು, ಪರಿಚಾರಕರಿಂದಲೇ ಬಡಿಸಿಕೊಂಡು, ಬೇಗ ಏಳಬೇಕು. ಎಲ್ಲರೂ ಮುತ್ತುವ ಬಫೆಯ ಸಾಲು ಕೊನೆಯದು. ಇಷ್ಟಾದರೂ ಹಡಗು ಹಡಗೇ. ಲಸಿಕೆಗಳು ಬಂದ ಮೇಲೆ, 2022ರ ಜನವರಿಯ ಮೊದಲ ವಾರದಲ್ಲಿ, ಮುಂಬಯಿಯಿಂದ ಗೋವೆಗೆ ಬಂದ ‘ಕೋರ್ಡೇಲಿಯಾ’ ಹಡಗಿನ ಸುಮಾರು ಎರಡು ಸಾವಿರ ಜನರಲ್ಲಿ 66 ಮಂದಿಗೆ ಸೋಂಕು ಕಂಡಿತು. ಎಚ್ಚರಿಕೆಯಿಂದ ಅಪಾಯ ತಗ್ಗುತ್ತದೆ, ಅಳಿಯುವುದಿಲ್ಲ.

ಇದೇ ಕಣ್ಣಿನಿಂದ ಊರಿನ ಊಟವನ್ನೂ ನೋಡಬಹುದು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಕಡೆ ಮದುವೆ, ಉಪನಯನ, ಜಾತ್ರೆಗಳ ಕಾಲ ನಡೆಯುತ್ತಿತ್ತು. ದೇವಸ್ಥಾನಗಳ ಅನ್ನಸಂತರ್ಪಣೆ ನಿಂತಿತು. ಮದುವೆಗೆ ಐವತ್ತು ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂತು. ಜೂನ್ 8ರಿಂದ ಹೋಟೆಲುಗಳಲ್ಲಿ ಕುಳಿತು ತಿನ್ನುವುದಕ್ಕೆ ಮತ್ತೆ ಅವಕಾಶವಾಯಿತು. ಆಗ ನಾನು ಗಮನಿಸಿದ ಸಂಗತಿಯೊಂದುಂಟು. ಅಂಗಳದಲ್ಲಿ ತೆಂಗಿನ ಮಡಲಿನ ಚಪ್ಪರ ಹಾಕಿ, ಬಾಳೆಲೆ ಹಾಸಿ, ಐವತ್ತೇ ಜನರಿಗೆ ಬಡಿಸಿದ ಮನೆಮದುವೆ ಹವಾನಿಯಂತ್ರಿತ ಸಭಾಭವನದ ಔತಣಕ್ಕಿಂತ ಎಷ್ಟೋ ಹೆಚ್ಚು ಕ್ಷೇಮವಾಗಿತ್ತು. ನಾಲ್ಕೂ ಕಡೆಯಿಂದ ಗಾಳಿ ಬರುತ್ತಿತ್ತು. ಸೌಟು ಬಡಿಸುವವನ ಕೈಯಲ್ಲಿಯೇ ಇರುತ್ತಿತ್ತು. ಉಂಡ ಎಲೆಯನ್ನು ಇನ್ನೊಬ್ಬರು ಬಳಸುವಂತಿರಲಿಲ್ಲ. ಹಳೆಯದೆಂದ ಮಾತ್ರಕ್ಕೆ ಅದು ಶ್ರೇಷ್ಠವೆಂದು ನಾನು ಹೇಳುವುದಿಲ್ಲ. ರೋಗದ ದಾರಿಯನ್ನು ಅರಿತು ಅಳೆದಾಗ ಅದು ಸರಿಯೆಂದು ಕಂಡಿತು, ಅಷ್ಟೆ.

ಏಕೆಂದರೆ ಇಲ್ಲಿ ಒಂದು ಅಪಾಯವೂ ಅಡಗಿದೆ. ಸಾಂಕ್ರಾಮಿಕದ ದಿನಗಳಲ್ಲಿ ‘ನಮ್ಮ ಹಿರಿಯರ ಮಡಿ ಮೈಲಿಗೆಯೆಲ್ಲ ವಿಜ್ಞಾನವೇ ಆಗಿತ್ತು ನೋಡಿ’ ಎಂಬ ಮಾತು ನಮ್ಮಲ್ಲಿ ಅನೇಕರ ಬಾಯಲ್ಲಿ ಕೇಳಿಬಂತು. ಎಂಜಲಿನ ವಿಷಯದ ಎಚ್ಚರ, ಉಣ್ಣುವ ಮೊದಲು ಕೈಕಾಲು ತೊಳೆಯುವುದು, ತುಟಿ ತಾಗಿಸದೆ ನೀರು ಕುಡಿಯುವುದು, ಇವು ಒಳ್ಳೆಯ ರೂಢಿಗಳೇ. ಆದರೆ ಜಾತಿ ನೋಡಿ ಬೇರೆ ಪಂಕ್ತಿ ಹಾಕಿದ್ದು, ಕೆಲವರನ್ನು ಅಂಗಳದಾಚೆಗೇ ಕೂರಿಸಿದ್ದು ಯಾವ ರೋಗಾಣುವಿನ ಭಯದಿಂದಲೂ ಅಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಓದಿದವರು ಇದನ್ನು ಬಲ್ಲರು. ಅಲ್ಲಿ ಪ್ಲೇಗಿನಿಂದ ಸತ್ತವನ ಹೆಣಕ್ಕೆ ಸಂಸ್ಕಾರ ಮಾಡುವವರಿಲ್ಲದೆ ಅಗ್ರಹಾರವೆಲ್ಲ ಉಪವಾಸ ಕೂರುತ್ತದೆ. ಮೈಲಿಗೆಯ ವಿಚಾರ ಅಷ್ಟು ಗಂಭೀರವಾಗಿ ನಡೆಯುತ್ತಿರುವಾಗ, ಸಾಯುತ್ತಿರುವ ಇಲಿಗಳನ್ನು ಕಂಡೂ ಅದರ ಅರ್ಥವನ್ನು ತಿಳಿಯುವವರಿಲ್ಲ. ಮೈಲಿಗೆ ಬಲ್ಲವರಿಗೆ ರೋಗ ತಿಳಿದಿರಬೇಕೆಂದೇನೂ ಇಲ್ಲ.

ಎಚ್ಚರದ ದೂರವನ್ನೂ ತಿರಸ್ಕಾರದ ದೂರವನ್ನೂ ಬೇರ್ಪಡಿಸುವುದು ಹೇಗೆ? ನನಗೆ ಮೂರು ಗುರುತುಗಳು ಕಾಣುತ್ತವೆ. ಎಚ್ಚರದ ದೂರಕ್ಕೆ ಅವಧಿಯಿದೆ. ಹದಿನಾಲ್ಕು ದಿನವೆಂದರೆ ಹದಿನೈದನೆಯ ದಿನ ಬಾಗಿಲು ತೆರೆಯಬೇಕು. ಅದು ಎಲ್ಲರಿಗೂ ಒಂದೇ. ಸೋಂಕು ನನಗೆ ಬಂದರೆ ನಾನೂ ಬೇರೆ ಕೂರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎಚ್ಚರವು ದೂರ ಕೂರಿಸಿದವನಿಗೆ ಊಟವಾಯಿತೇ ಎಂದು ವಿಚಾರಿಸುತ್ತದೆ. ತಿರಸ್ಕಾರ ವಿಚಾರಿಸುವುದಿಲ್ಲ.

2020ರ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಸಾವಿರಾರು ಜನ ಉಡುಪಿ ಜಿಲ್ಲೆಯ ತಮ್ಮ ಊರುಗಳಿಗೆ ಮರಳಿದರು. ಎಷ್ಟೋ ವರ್ಷ ಹೋಟೆಲುಗಳಲ್ಲಿ ದುಡಿದು, ಬಂದವರಿಗೆಲ್ಲ ಬಡಿಸಿದವರೂ ಅವರಲ್ಲಿದ್ದರು. ಶಾಲೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಅವರನ್ನು ಇರಿಸಲಾಯಿತು. ಅವರ ಸೋಂಕಿನ ಭಯ ನಿಜವಾದುದೇ, ದೂರವಿಟ್ಟದ್ದು ತಪ್ಪಲ್ಲ. ಆದರೆ ಹೊತ್ತಿಗೆ ಸರಿಯಾಗಿ ಗಂಜಿ ಚಟ್ನಿ ಒಯ್ದು ಶಾಲೆಯ ಜಗಲಿಯಲ್ಲಿಟ್ಟು, ದೂರದಿಂದಲೇ ಹೆಸರು ಹಿಡಿದು ಕೂಗಿ, ‘ಉಣ್ಣಿ ಮಾರಾಯ್ರೆ, ಬಿಸಿ ಇದೆ’ ಎಂದವರಿಗೂ, ಊರಿಗೇ ಕಾಲಿಡಬಾರದೆಂದವರಿಗೂ ಇರುವ ಅಂತರವನ್ನು ಯಾವ ಅಳತೆಗೋಲೂ ಅಳೆಯಲಾರದು.

ಹಡಗಿನ ವಿಚಾರದಲ್ಲಿಯೂ ಕೊನೆಗೆ ಲೋಕ ಕಲಿತ ಪಾಠ ಇದೇ. 2020ರ ಮಾರ್ಚ್ 14ರಂದು ಅಮೆರಿಕದಲ್ಲಿ ಪ್ರವಾಸಿ ಹಡಗುಗಳ ಸಂಚಾರ ನಿಂತ ಮೇಲೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು ಕೊಟ್ಟ ಸೂಚನೆಗಳಲ್ಲಿ ಕೆಲಸಗಾರರಿಗೂ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕೋಣೆಯಲ್ಲೇ ಊಟ ಎಂಬ ಮಾತು ಸೇರಿತು. ಬಡಿಸುವವನು ಎಲ್ಲಿ, ಯಾರೊಡನೆ, ಎಂಥ ಗಾಳಿಯಲ್ಲಿ ಉಣ್ಣುತ್ತಾನೆ ಎಂಬುದನ್ನು ನೋಡಿಕೊಳ್ಳದೆ ಉಣ್ಣುವವನಿಗೆ ಕ್ಷೇಮವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಚಪ್ಪರಗಳ ಕೆಳಗೆ ಎಲೆಗಳು ಮತ್ತೆ ಒತ್ತೊತ್ತಾಗಿ ಬಿದ್ದಿವೆ, ಬೀಳಲಿ. ಇನ್ನೊಂದು ರೋಗ ಬೇರೆ ದಾರಿಯಿಂದ ಬಂದಾಗ ನಾವು ಆ ದಾರಿಯನ್ನು ಮೊದಲು ಕೇಳಿ ತಿಳಿದುಕೊಳ್ಳೋಣ, ಆಮೇಲೆ ಎಲೆಯನ್ನು ಎಷ್ಟು ದೂರ ಹಾಕಬೇಕೆಂದು ನಿಶ್ಚಯಿಸೋಣ. ಎಷ್ಟೇ ದೂರ ಹಾಕಿದರೂ ಬಡಿಸಿದವನಿಗೆ ಒಂದು ಎಲೆಯನ್ನು ಮರೆಯದೆ ಹಾಕೋಣ.